ಓದಲಾಗದ ತೆರೆಯ ಮುಂದೆ: ಜಪಾನೀ ಆಟವೂ ನಮ್ಮ ಜಿಎಸ್‌ಟಿ ತಾಣವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವರ್ತಕರಲ್ಲಿ ಬಹುಮಂದಿ ತಮ್ಮ ವ್ಯವಹಾರದ ಲೆಕ್ಕವನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿರುವವರು. ಹೊಗೆಸೊಪ್ಪಿನ ದರ್ಜೆಯನ್ನು ಎಲೆ ಮುಟ್ಟಿ ಹೇಳಬಲ್ಲವರು, ಒಂದು ಚೀಲ ಭತ್ತಕ್ಕೆ ಎಷ್ಟು ಅಕ್ಕಿ ಇಳಿಯುವುದೆಂದು ಕಾಳು ನೋಡಿ ಅಂದಾಜಿಸಬಲ್ಲವರು ನಮ್ಮಲ್ಲಿದ್ದಾರೆ. ಆದರೆ ಅದೇ ವ್ಯವಹಾರದ ತೆರಿಗೆ ವಿವರವನ್ನು ಸಲ್ಲಿಸಬೇಕಾದ ಜಿಎಸ್‌ಟಿ ಜಾಲತಾಣದ ಮುಂದೆ ಕುಳಿತೊಡನೆ ಇವರೇ ಮೂಕರಾಗುತ್ತಾರೆ. ನಮೂನೆ ತುಂಬುವ ತೆರೆಗಳಲ್ಲಿ ಎದುರಾಗುವುದು ಇಂಗ್ಲಿಷು, ಅದರಲ್ಲಿಯೂ ಕಾನೂನಿನ ಇಂಗ್ಲಿಷು. ಹೀಗಾಗಿ ಬಳಕೆದಾರರ ಹೆಸರು, ಗುಪ್ತಪದ, ಕೊನೆಗೆ ಒಟಿಪಿ ಬರುವ ದೂರವಾಣಿ ಸಂಖ್ಯೆ ಸಹ ಬೇರೆಯವರ ಕೈ ಸೇರಿರುತ್ತದೆ.

ಭಾಷೆ ಬಾರದೆ ಇರುವುದರಿಂದಲೇ ತೆರೆಯನ್ನು ನಡೆಸಲಾಗದು ಎಂಬ ಭಾವನೆ ಸರಿಯಲ್ಲವೆಂದು ನನಗೆ ಮನದಟ್ಟಾಗಿದ್ದು ಒಂದು ಅನಿರೀಕ್ಷಿತ ಮೂಲದಿಂದ. ನಮ್ಮ ಕಚೇರಿಯಲ್ಲಿ ತರಬೇತಿಯಲ್ಲಿದ್ದ ಯುವಕನೊಬ್ಬನು ಬಿಡುವಿನ ವೇಳೆಯಲ್ಲಿ ಗಣಕಯಂತ್ರದಲ್ಲಿ ಜಪಾನೀ ಆಟವೊಂದನ್ನು ಆಡುತ್ತಿದ್ದನು. ಆತನಿಗೆ ಜಪಾನೀ ಭಾಷೆಯ ಒಂದು ವಾಕ್ಯವೂ ಬಾರದು. ಪಕ್ಕದಲ್ಲಿ ಕೈಬರಹದ ಒಂದು ಹಾಳೆ ಮಾತ್ರ ಇತ್ತು. ಯಾವ ಪಟ್ಟಿಯಲ್ಲಿ ಎಷ್ಟನೆಯ ಸಾಲು ಏನು ಮಾಡುತ್ತದೆ ಎಂಬುದನ್ನು ಅದರಲ್ಲಿ ಬರೆದುಕೊಂಡಿದ್ದನು. ಇದು ಹುಡುಗಾಟಿಕೆಯಂತೆ ತೋರಬಹುದಾದರೂ, ಅದರ ಹಿಂದಿನ ಕ್ರಮವು ವರ್ತಕರಿಗೆ ನೇರವಾಗಿ ಉಪಯೋಗಕ್ಕೆ ಬರುವಂತಹುದು.

ಆಟಗಾರರು ಕಂಡುಕೊಂಡ ದಾರಿ

ಪಾತ್ರಧಾರಿ ಆಟಗಳೆಂದು ಕರೆಯಬಹುದಾದ ಈ ಬಗೆಯ ಆಟಗಳಲ್ಲಿ ಆಟಗಾರನು ಒಬ್ಬ ನಾಯಕನ ಪಾತ್ರವನ್ನು ವಹಿಸಿ, ಊರೂರು ಅಲೆದು, ಜನರೊಡನೆ ಮಾತನಾಡಿ, ಶತ್ರುಗಳೊಡನೆ ಕಾದಾಡಿ ಕಥೆಯನ್ನು ಮುಂದುವರಿಸಬೇಕಾಗುತ್ತದೆ. ಗುಂಡು ಹಾರಿಸುವ ಆಟದಂತೆ ಕೈಚಳಕವಷ್ಟೇ ಸಾಲದು. ಪ್ರತಿ ಹೆಜ್ಜೆಗೂ ಪಟ್ಟಿಯೊಂದರಿಂದ ಆಯ್ಕೆ ಮಾಡಬೇಕು. ಜಪಾನಿನಲ್ಲಿ ಈ ಪ್ರಕಾರವನ್ನು ಮನೆಮಾತಾಗಿಸಿದ ‘ಡ್ರ್ಯಾಗನ್ ಕ್ವೆಸ್ಟ್’ 1986ರಲ್ಲಿ ಹೊರಬಂದಿತು. ಹಲವು ಆಟಗಳು ಬೇರೆ ಭಾಷೆಗೆ ಬರಲು ವರ್ಷಗಳೇ ಹಿಡಿದವು. 1992ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ’ ಐದನೆಯ ಭಾಗವು ಅಧಿಕೃತವಾಗಿ ಇಂಗ್ಲಿಷಿನಲ್ಲಿ ದೊರೆತದ್ದು 1999ರಲ್ಲಿ. ಗಣಕಯಂತ್ರಕ್ಕಾಗಿ 2004ರಲ್ಲಿ ಪ್ರಕಟವಾದ ‘ಸೊರಾ ನೊ ಕಿಸೆಕಿ’ಯ ಇಂಗ್ಲಿಷ್ ಆವೃತ್ತಿ 2011ರಲ್ಲಿ ಬಂದಿತು. 2006ರ ‘ಮದರ್ 3’ ಎಂಬ ಆಟವನ್ನು ಕಂಪನಿಯು ಅನುವಾದಿಸಲೇ ಇಲ್ಲ; ಅಭಿಮಾನಿಗಳೇ ಸೇರಿ 2008ರಲ್ಲಿ ಇಂಗ್ಲಿಷಿಗೆ ತಂದರು. ಅಲ್ಲಿಯವರೆಗೆ ಕಾಯಲೊಲ್ಲದವರು ಜಪಾನೀ ಆವೃತ್ತಿಯನ್ನೇ ಆಡಿದರು, ಒಬ್ಬರಿಗೊಬ್ಬರು ಮಾರ್ಗದರ್ಶಿಗಳನ್ನು ಬರೆದುಕೊಟ್ಟರು.

ಆ ಮಾರ್ಗದರ್ಶಿಗಳ ವಿಶೇಷವೆಂದರೆ ಅವು ಕಥೆಯನ್ನೆಲ್ಲ ಅನುವಾದಿಸುವುದಿಲ್ಲ. ಪಟ್ಟಿಗಳ ನಕ್ಷೆಯನ್ನು ಕೊಡುತ್ತವೆ, ಅಷ್ಟೆ. ಕಾಳಗದ ಪಟ್ಟಿಯಲ್ಲಿ ‘ತತಕಾವು’ ಎಂದರೆ ಹೋರಾಡು, ‘ಜುಮೊನ್’ ಎಂದರೆ ಮಂತ್ರ, ‘ದೋಗು’ ಎಂದರೆ ಸಾಮಗ್ರಿ, ‘ನಿಗೆರು’ ಎಂದರೆ ಓಡಿಹೋಗು. ಪ್ರಶ್ನೆ ಎದುರಾದಾಗ ‘ಹಾಯ್’ ಎಂದರೆ ಹೌದು, ‘ಈಯೆ’ ಎಂದರೆ ಇಲ್ಲ. ಈ ಅರ್ಧ ಡಜನ್ ಪದಗಳ ಆಕಾರವನ್ನು ಕಣ್ಣು ಗುರುತಿಸಿದರೆ ಆಟದ ಬಹುಪಾಲು ಸಾಗುತ್ತದೆ. ಇನ್ನೊಂದು ಸ್ವಾರಸ್ಯವೂ ಉಂಟು. ಜಪಾನೀಯರು ಪರಭಾಷೆಯ ಪದಗಳನ್ನು ಕತಕನ ಎಂಬ ಪ್ರತ್ಯೇಕ ಲಿಪಿಯಲ್ಲಿ ಬರೆಯುತ್ತಾರೆ. ಅದರಲ್ಲಿ ಮೂಲಾಕ್ಷರಗಳು 46. ನಮ್ಮ ಕಾಗುಣಿತದಂತೆಯೇ ಬಹುತೇಕ ಒಂದು ಅಕ್ಷರಕ್ಕೆ ಒಂದು ಉಚ್ಚಾರಣೆ. ಅದನ್ನು ಕಲಿತವನಿಗೆ ಪಟ್ಟಿಯಲ್ಲಿನ ‘ಸೇಬು’ ಹಣ್ಣಲ್ಲ, ಇಂಗ್ಲಿಷಿನ ಸೇವ್ ಎಂಬುದೂ, ‘ಐಟೆಮು’ ಎಂಬುದು ಐಟಮ್ ಎಂಬುದೂ ಒಡನೆಯೇ ತಿಳಿಯುತ್ತದೆ. ಗೊತ್ತಿದ್ದ ಪದವೇ ಗೊತ್ತಿಲ್ಲದ ಲಿಪಿಯಲ್ಲಿ ಅವಿತುಕೊಂಡಿತ್ತು.

ಆಟವನ್ನು ನಮ್ಮ ಗಣಕಯಂತ್ರದಲ್ಲಿ ತೆರೆದಾಗ ಜಪಾನೀ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ತುಂಬಿರುವುದೂ ಉಂಟು. ಹಳೆಯ ಆಟಗಳು ಯೂನಿಕೋಡ್ ಅಲ್ಲದ ಜಪಾನೀ ಸಂಕೇತ ಪದ್ಧತಿಯನ್ನು ಬಳಸುತ್ತವೆ. ವಿಂಡೋಸ್ ವ್ಯವಸ್ಥೆಯಲ್ಲಿ ಯೂನಿಕೋಡ್ ಅಲ್ಲದ ತಂತ್ರಾಂಶಗಳ ಭಾಷೆಯನ್ನು ಜಪಾನೀ ಎಂದು ಬದಲಿಸಿದರೆ ಅಕ್ಷರಗಳು ಸರಿಯಾಗುತ್ತವೆ. ಇದು ನಮಗೆ ಹೊಸದಲ್ಲ. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಕನ್ನಡ ಪತ್ರವನ್ನು ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದಾಗ ಕಾಣುವ ಗೊಂದಲವೂ ಇದೇ ಜಾತಿಯದು. ಕಡತ ಹಾಳಾಗಿರುವುದಿಲ್ಲ, ಓದುವ ಕೀಲಿ ಮಾತ್ರ ಕಾಣೆಯಾಗಿರುತ್ತದೆ. ಈ ವ್ಯತ್ಯಾಸ ತಿಳಿಯದೆ ಹಳೆಯ ದಾಸ್ತಾನು ಪಟ್ಟಿಗಳನ್ನೂ ಬಾಕಿ ಪಟ್ಟಿಗಳನ್ನೂ ಅಳಿಸಿಹಾಕಿದ ಅಂಗಡಿಗಳುಂಟು.

ಪದವನ್ನು ಬಿಟ್ಟು ಸಂಖ್ಯೆಯನ್ನು ಹಿಡಿಯಿರಿ

ಜಿಎಸ್‌ಟಿ ಮಾಸಿಕ ವಿವರಪಟ್ಟಿಯಾದ ಜಿಎಸ್‌ಟಿಆರ್-3ಬಿ ನಮೂನೆಯಲ್ಲಿ ಪ್ರತಿಯೊಂದು ಕೋಷ್ಟಕಕ್ಕೂ ಸಂಖ್ಯೆಯಿದೆ. ಪದಗಳು ಇಂಗ್ಲಿಷಾದರೂ ಸಂಖ್ಯೆಗಳು ಎಲ್ಲರ ಸೊತ್ತು. ವರ್ತಕರು ಒಂದು ಹಾಳೆಯಲ್ಲಿ ಈ ಸಂಖ್ಯೆಗಳನ್ನು ಬರೆದು, ಎದುರಿಗೆ ತಮ್ಮ ವ್ಯವಹಾರದ ಮಾತಿನಲ್ಲಿ ಅರ್ಥವನ್ನು ಬರೆದುಕೊಳ್ಳಬೇಕು. 3.1(ಎ) ಎಂದರೆ ತೆರಿಗೆ ಹತ್ತುವ ಮಾರಾಟ. 3.1(ಸಿ) ಎಂದರೆ ತೆರಿಗೆ ಇಲ್ಲದ ಅಥವಾ ವಿನಾಯಿತಿ ಪಡೆದ ಮಾರಾಟ. 3.1(ಡಿ) ಎಂದರೆ ಮಾರಿದವನ ಬದಲು ಕೊಂಡವನೇ ತೆರಿಗೆ ಕಟ್ಟಬೇಕಾದ ಖರೀದಿ. 4(ಎ)(5) ಎಂದರೆ ಸಾಮಾನ್ಯ ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ. 5.1 ಬಡ್ಡಿ ಮತ್ತು ವಿಳಂಬ ಶುಲ್ಕ, 6.1 ಪಾವತಿ.

ಕೃಷ್ಣರಾಜನಗರದ ಅಕ್ಕಿ ಗಿರಣಿಯನ್ನೇ ತೆಗೆದುಕೊಳ್ಳೋಣ. 2022ರ ಜುಲೈ 18ರಿಂದ, 25 ಕಿಲೋಗ್ರಾಂವರೆಗಿನ ಮೊದಲೇ ಪೊಟ್ಟಣ ಕಟ್ಟಿ ಚೀಟಿ ಹಚ್ಚಿದ ಅಕ್ಕಿಗೆ ಶೇಕಡ 5ರ ತೆರಿಗೆ ಇದೆ. ಅದಕ್ಕಿಂತ ದೊಡ್ಡ ಚೀಲಕ್ಕೂ ಬಿಡಿ ಅಕ್ಕಿಗೂ ಇಲ್ಲ. ಆದುದರಿಂದ ಒಂದೇ ಗಿರಣಿಯ ಒಂದೇ ಅಕ್ಕಿಯು ಚೀಲದ ತೂಕಕ್ಕೆ ತಕ್ಕಂತೆ 3.1(ಎ)ಗೂ 3.1(ಸಿ)ಗೂ ಹಂಚಿಹೋಗುತ್ತದೆ. ಇದು ಗಿರಣಿಯ ಮಾಲೀಕರಿಗೆ ಚೆನ್ನಾಗಿ ಗೊತ್ತು. ಯಾವ ಸಾಲಿನಲ್ಲಿ ಯಾವುದು ಎಂಬುದು ಮಾತ್ರ ಗೊತ್ತಿಲ್ಲ. ಇತ್ತ ತೆರೆಯನ್ನು ತುಂಬುವ ಗಣಕ ಕೇಂದ್ರದ ಹುಡುಗನಿಗೆ ಸಾಲು ಗೊತ್ತು, ಚೀಲ ಗೊತ್ತಿಲ್ಲ. ತಪ್ಪು ನಡೆಯುವುದು ಈ ಇಬ್ಬರ ನಡುವಣ ಜಾಗದಲ್ಲಿ.

ಇದಕ್ಕಿಂತಲೂ ಮುಖ್ಯವಾದುದು 3.1(ಡಿ). ರೈತನಿಂದ ಹೊಗೆಸೊಪ್ಪಿನ ಎಲೆಯನ್ನು ಕೊಳ್ಳುವ ನೋಂದಾಯಿತ ಖರೀದಿದಾರನೇ ಅದರ ಮೇಲಿನ ತೆರಿಗೆಯನ್ನು ಕಟ್ಟಬೇಕು. 2017ರ ನವೆಂಬರ್ 15ರಿಂದ ರೈತನು ಮಾರುವ ಹಸಿ ಹತ್ತಿಗೂ ಇದೇ ನಿಯಮ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು, ಹೆಗ್ಗಡದೇವನಕೋಟೆಯ ಹತ್ತಿ ಎಂದರೆ ನಮ್ಮ ಭಾಗದ ಎರಡು ಮುಖ್ಯ ಬೆಳೆಗಳು ಈ ಒಂದೇ ಸಾಲಿಗೆ ಬಂದು ಸೇರುತ್ತವೆ. ಈ ತೆರಿಗೆಯನ್ನು ನಗದು ಖಾತೆಯಿಂದಲೇ ಕಟ್ಟತಕ್ಕದ್ದು. ಜಮೆ ಖಾತೆಯಿಂದ ಹೊಂದಿಸಲು ಬರುವುದಿಲ್ಲ. ಕಟ್ಟಿದ ಮೇಲೆ, ಅರ್ಹತೆಯಿದ್ದಲ್ಲಿ, ಅಷ್ಟನ್ನೇ 4(ಎ)(3)ರಲ್ಲಿ ಜಮೆಯಾಗಿ ಪಡೆಯಬಹುದು. 3.1(ಡಿ) ತುಂಬಿ 4(ಎ)(3) ಮರೆತರೆ ಹಣ ಕೈಬಿಡುತ್ತದೆ. 4(ಎ)(3) ತುಂಬಿ 3.1(ಡಿ) ಮರೆತರೆ ನೋಟಿಸು ಮನೆಬಾಗಿಲಿಗೆ ಬರುತ್ತದೆ. ಎರಡನ್ನೂ ಮರೆತವರು ಏನೂ ಆಗಲಿಲ್ಲವೆಂದು ಎರಡು ಮೂರು ವರ್ಷ ನೆಮ್ಮದಿಯಿಂದಿರುತ್ತಾರೆ, ಆಮೇಲೆ ಬಡ್ಡಿ ಸಹಿತ ಕೇಳಿಬರುತ್ತದೆ. ನೋಂದಣಿಯಿಲ್ಲದ ರೈತನಿಂದ ಕೊಂಡಾಗ ಖರೀದಿದಾರನು ತಾನೇ ತನ್ನ ಹೆಸರಿಗೆ ಬಿಲ್ಲು ಬರೆದುಕೊಳ್ಳಬೇಕೆಂಬ ನಿಯಮವೂ ಇದ್ದು, 2024ರ ನವೆಂಬರ್ 1ರಿಂದ ಅದಕ್ಕೆ ಸರಕು ಪಡೆದ ದಿನದಿಂದ 30 ದಿನಗಳ ಗಡುವು ನಿಗದಿಯಾಗಿದೆ.

ಹೌದು, ಇಲ್ಲ ಮತ್ತು ಹಿಂದಿರುಗಲಾರದ ಗುಂಡಿ

ಜಪಾನೀ ಆಟದ ಮಾರ್ಗದರ್ಶಿಗಳು ಒತ್ತಿ ಹೇಳುವ ಎಚ್ಚರಿಕೆಯೊಂದಿದೆ: ದೊಡ್ಡ ಕಾಳಗಕ್ಕೆ ಮೊದಲು ಸೇವ್ ಮಾಡಿ, ಅರ್ಥವಾಗದ ಪ್ರಶ್ನೆಗೆ ಹೌದೆನ್ನಬೇಡಿ. ಹಳೆಯ ಉಳಿಕೆಯ ಮೇಲೆ ಹೊಸದನ್ನು ಬರೆಯಲೇ ಎಂದು ಆಟವು ಕೇಳಿದಾಗ ತಿಳಿಯದೆ ಹಾಯ್ ಎಂದವನು ಹತ್ತಾರು ಗಂಟೆಗಳ ಶ್ರಮವನ್ನು ಕಳೆದುಕೊಳ್ಳುತ್ತಾನೆ.

ಜಿಎಸ್‌ಟಿ ತಾಣದಲ್ಲಿಯೂ ಗುಂಡಿಗಳು ಎರಡು ಬಗೆ. ‘ಸೇವ್’, ‘ಪ್ರಿವ್ಯೂ’, ‘ಬ್ಯಾಕ್’ ಇವು ನಿರಪಾಯಕರ. ‘ಪ್ರಿವ್ಯೂ’ ಒತ್ತಿದರೆ ತುಂಬಿದ ನಮೂನೆಯ ಪ್ರತಿ ದೊರೆಯುತ್ತದೆ. ಅದನ್ನು ಮುದ್ರಿಸಿ, ಖಾತೆ ಪುಸ್ತಕದೊಡನೆ ತಾಳೆ ನೋಡಿ ಸಹಿ ಹಾಕುವ ಅಭ್ಯಾಸವನ್ನು ಪ್ರತಿಯೊಬ್ಬ ವರ್ತಕರೂ ಇಟ್ಟುಕೊಳ್ಳುವುದು ಒಳಿತು. ಆದರೆ ‘ಫೈಲ್’ ಎಂಬ ಗುಂಡಿಯನ್ನು ಒತ್ತಿ ಒಟಿಪಿ ಕೊಟ್ಟ ಮೇಲೆ ಜಿಎಸ್‌ಟಿಆರ್-3ಬಿಯನ್ನು ಪರಿಷ್ಕರಿಸಲು ಅವಕಾಶವಿಲ್ಲ. ತಪ್ಪನ್ನು ಮುಂದಿನ ತಿಂಗಳುಗಳ ವಿವರದಲ್ಲಿ ಸರಿಪಡಿಸಬೇಕು, ಅದೂ ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅಥವಾ ವಾರ್ಷಿಕ ವಿವರ ಸಲ್ಲಿಸುವುದರೊಳಗೆ, ಯಾವುದು ಮೊದಲೋ ಅಷ್ಟರೊಳಗೆ. ಮಾರಾಟದ ಪಟ್ಟಿಯಾದ ಜಿಎಸ್‌ಟಿಆರ್-1ರಲ್ಲಿ ತಪ್ಪಿದ್ದರೆ, ಅದೇ ಅವಧಿಯ 3ಬಿ ಸಲ್ಲಿಸುವ ಮೊದಲು ಜಿಎಸ್‌ಟಿಆರ್-1ಎ ಮೂಲಕ ತಿದ್ದಬಹುದಾದ ಸೌಲಭ್ಯ 2024ರಲ್ಲಿ ಬಂದಿರುವುದು ಸ್ವಾಗತಾರ್ಹ.

ಒಟಿಪಿ ಎಂಬುದು ಆರು ಅಂಕಿಗಳ ಸಂಖ್ಯೆ ಮಾತ್ರವಲ್ಲ, ಅದು ನಿಮ್ಮ ಸಹಿ. ಖಾಲಿ ಚೆಕ್ಕಿಗೆ ಸಹಿ ಹಾಕಲು ಒಪ್ಪದ ವರ್ತಕರು, ಯಾವ ನಮೂನೆಗೆಂದು ಕೇಳದೆಯೇ ಒಟಿಪಿಯನ್ನು ದೂರವಾಣಿಯಲ್ಲಿ ಓದಿ ಹೇಳುವುದನ್ನು ನಾನು ದಿನವೂ ಕಾಣುತ್ತೇನೆ.

ಎಲ್ಲಿ ನೋಡಬೇಕೆಂದು ತಿಳಿಯದ ನೋಟಿಸು

ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಈ ಭಾಗ. ಜಿಎಸ್‌ಟಿ ಕಾಯಿದೆಯ 169ನೆಯ ಕಲಮಿನ ಪ್ರಕಾರ ನೋಟಿಸನ್ನು ಜಾಲತಾಣದಲ್ಲಿ ಹಾಕಿದರೂ ಅದು ಜಾರಿಯಾದಂತೆಯೇ. ಅಂಚೆಯವನು ಬರಬೇಕಾಗಿಲ್ಲ, ನೌಕರನು ಅಂಗಡಿಯ ಬಾಗಿಲಿಗೆ ಅಂಟಿಸಬೇಕಾಗಿಲ್ಲ. ತಾಣವನ್ನು ಪ್ರವೇಶಿಸಿದ ಮೇಲೆ ‘ಸರ್ವಿಸಸ್’ ಎಂಬ ಪಟ್ಟಿಯಲ್ಲಿ ‘ಯೂಸರ್ ಸರ್ವಿಸಸ್’ ಎಂಬ ಉಪಪಟ್ಟಿಯೊಳಗೆ ನೋಟಿಸುಗಳಿಗೆ ಎರಡು ಬೇರೆ ಬೇರೆ ಸ್ಥಾನಗಳನ್ನು ಕೊಡಲಾಗಿತ್ತು. ಒಂದು ‘ನೋಟಿಸಸ್ ಅಂಡ್ ಆರ್ಡರ್ಸ್’, ಇನ್ನೊಂದು ‘ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್’. ಮೊದಲನೆಯದನ್ನು ನೋಡಿ ಖಾಲಿಯಿದೆಯೆಂದು ಸಮಾಧಾನಪಟ್ಟವರ ಹೆಸರಿಗೆ ಎರಡನೆಯದರಲ್ಲಿ ಕಾರಣ ಕೇಳುವ ನೋಟಿಸು, ನೆನಪೋಲೆ, ಕೊನೆಗೆ ತೆರಿಗೆ ನಿರ್ಧರಣೆಯ ಆದೇಶ ಸಾಲಾಗಿ ಕುಳಿತಿದ್ದ ಪ್ರಸಂಗಗಳು ದೇಶದ ಹಲವೆಡೆ ನಡೆದಿವೆ. ಇಂಗ್ಲಿಷ್ ಬಲ್ಲವರೇ ಎಡವಿದ ಜಾಗವಿದು. ಮದರಾಸು ಉಚ್ಚ ನ್ಯಾಯಾಲಯವು 2024ರಲ್ಲಿ ಇಂತಹ ಅನೇಕ ರಿಟ್ ಅರ್ಜಿಗಳಲ್ಲಿ, ವಿವಾದಿತ ತೆರಿಗೆಯ ಶೇಕಡ 10ರಷ್ಟನ್ನು ಕಟ್ಟುವ ಷರತ್ತಿನ ಮೇಲೆ ಆದೇಶವನ್ನು ರದ್ದುಗೊಳಿಸಿ ಮರುವಿಚಾರಣೆಗೆ ಕಳುಹಿಸಿತು. ಆದರೆ ಪಿರಿಯಾಪಟ್ಟಣದ ಒಬ್ಬ ಸಣ್ಣ ವರ್ತಕನು ಐವತ್ತು ಸಾವಿರ ರೂಪಾಯಿ ತೆರಿಗೆಗಾಗಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತುವನೇ? ವಕೀಲರ ಶುಲ್ಕವೇ ಅದನ್ನು ಮೀರುತ್ತದೆ.

ಇಲ್ಲಿಯೂ ಪದಗಳಿಗಿಂತ ನಮೂನೆಯ ಸಂಖ್ಯೆಯೇ ದಾರಿದೀಪ. ಎಎಸ್‌ಎಂಟಿ-10 ಎಂದಿದ್ದರೆ ವಿವರಪಟ್ಟಿಯಲ್ಲಿ ವ್ಯತ್ಯಾಸ ಕಂಡಿದೆ ಎಂದರ್ಥ. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ, ಸಾಮಾನ್ಯವಾಗಿ 30 ದಿನಗಳಲ್ಲಿ, ಎಎಸ್‌ಎಂಟಿ-11ರಲ್ಲಿ ಉತ್ತರಿಸಬೇಕು. ಡಿಆರ್‌ಸಿ-01ಬಿ ಎಂದರೆ ಜಿಎಸ್‌ಟಿಆರ್-1ರಲ್ಲಿ ತೋರಿಸಿದ ತೆರಿಗೆಗಿಂತ 3ಬಿಯಲ್ಲಿ ಕಡಿಮೆ ಕಟ್ಟಲಾಗಿದೆ ಎಂದು. ಡಿಆರ್‌ಸಿ-01ಸಿ ಎಂದರೆ ಹೆಚ್ಚು ಜಮೆ ಪಡೆಯಲಾಗಿದೆ ಎಂದು. ಇವೆರಡಕ್ಕೂ 7 ದಿನಗಳಷ್ಟೇ ಕಾಲಾವಕಾಶ. ಉತ್ತರಿಸದಿದ್ದರೆ ಮುಂದಿನ ಜಿಎಸ್‌ಟಿಆರ್-1 ಸಲ್ಲಿಸಲು ತಾಣ ಬಿಡುವುದಿಲ್ಲ, ಅದರಿಂದ ನಿಮ್ಮ ಗಿರಾಕಿಗಳಿಗೆ ಜಮೆ ಸಿಗದೆ ಅವರೂ ದೂರುತ್ತಾರೆ. ಡಿಆರ್‌ಸಿ-01 ಕಾರಣ ಕೇಳುವ ನೋಟಿಸು, ಅದಕ್ಕೆ ಉತ್ತರ ಡಿಆರ್‌ಸಿ-06ರಲ್ಲಿ. ಡಿಆರ್‌ಸಿ-07 ಆದೇಶ. ಅದು ಬಂತೆಂದರೆ ಮಾತಿನ ಕಾಲ ಮುಗಿದು ಮೇಲ್ಮನವಿಯ ಕಾಲ ಆರಂಭವಾಯಿತೆಂದೇ ತಿಳಿಯಬೇಕು. ಮೇಲ್ಮನವಿಗೆ 3 ತಿಂಗಳು, ಸಕಾರಣವಿದ್ದರೆ ಇನ್ನೊಂದು ತಿಂಗಳು, ಜೊತೆಗೆ ವಿವಾದಿತ ತೆರಿಗೆಯ ಶೇಕಡ 10ರ ಮುಂಗಡ ಪಾವತಿ. ಆರ್‌ಇಜಿ-17 ಎಂದರೆ ನೋಂದಣಿಯನ್ನೇ ಏಕೆ ರದ್ದುಮಾಡಬಾರದು ಎಂಬ ಪ್ರಶ್ನೆ. ಉತ್ತರಕ್ಕೆ 7 ಕೆಲಸದ ದಿನಗಳು. ಆರ್‌ಇಜಿ-19 ರದ್ದತಿಯ ಆದೇಶ. ಅದು ಜಾರಿಯಾದ 90 ದಿನಗಳೊಳಗೆ ನೋಂದಣಿಯನ್ನು ಮರಳಿ ಪಡೆಯಲು ಆರ್‌ಇಜಿ-21 ಸಲ್ಲಿಸಬೇಕು.

ತಾಣದ ವಿನ್ಯಾಸ ಆಗಾಗ ಬದಲಾಗುವುದರಿಂದ ‘ಐದನೆಯ ಸಾಲು’ ಎಂದು ಸ್ಥಾನವನ್ನೇ ನಂಬಿ ಕೂರಬಾರದು. ನಮೂನೆಯ ಸಂಖ್ಯೆ ಮಾತ್ರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ವಾರಕ್ಕೊಮ್ಮೆ, ಸಂತೆಯ ಮರುದಿನವೋ ಅಂಗಡಿಯ ರಜಾದಿನವೋ ಎಂದು ಗೊತ್ತುಮಾಡಿಕೊಂಡು, ಈ ಪಟ್ಟಿಯನ್ನು ಸ್ವತಃ ತೆರೆದು ನೋಡಬೇಕು. ಕೆಲಸ ಐದು ನಿಮಿಷದ್ದು. ಇದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ನೋಂದಣಿಯಲ್ಲಿರುವ ದೂರವಾಣಿ ಸಂಖ್ಯೆ ಮತ್ತು ಮಿಂಚಂಚೆ ವಿಳಾಸ ಯಾರದೆಂದು ಪರೀಕ್ಷಿಸಿರಿ. ನಮ್ಮ ವೃತ್ತಿಬಾಂಧವರದೋ ಗಣಕ ಕೇಂದ್ರದವರದೋ ಆಗಿದ್ದರೆ, ಸೂಚನೆಗಳೆಲ್ಲ ಅವರಿಗೇ ತಲಪುತ್ತವೆ. ನೂರಾರು ಗಿರಾಕಿಗಳ ಸೂಚನೆಗಳ ನಡುವೆ ನಿಮ್ಮದು ಕಳೆದುಹೋಗುವುದು ಅಸಹಜವೇನೂ ಅಲ್ಲ. ಅವರೊಡನೆ ವ್ಯವಹಾರ ಕೊನೆಗೊಂಡಿದ್ದರಂತೂ ಕೇಳುವುದೇ ಬೇಡ. ಸಂಪರ್ಕ ಸಂಖ್ಯೆಯನ್ನು ನಿಮ್ಮದಕ್ಕೇ ಬದಲಿಸಿಕೊಳ್ಳುವುದರಿಂದ ನಿಮ್ಮ ಲೆಕ್ಕಪರಿಶೋಧಕರಿಗೆ ಅಪಮಾನವಾಗುವುದಿಲ್ಲ. ಆಗುವುದಾದರೆ ಅಂತಹವರನ್ನು ಬದಲಿಸುವುದೇ ಲೇಸು.

2025ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಜಮೆಯಾದ ಹಣದ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಎದ್ದ ಗಾಬರಿಯನ್ನು ಓದುಗರು ಮರೆತಿರಲಾರರು. ಅಂದು ಕೆಲವರು ಯುಪಿಐ ಫಲಕವನ್ನೇ ಕಿತ್ತುಹಾಕಿದರು. ಹಾಲು, ತರಕಾರಿಯಂತಹ ವಿನಾಯಿತಿ ಪಡೆದ ಸರಕನ್ನಷ್ಟೇ ಮಾರುವವರಿಗೆ ಅದನ್ನು ದಾಖಲೆಯೊಡನೆ ತಿಳಿಸುವ ಒಂದು ಉತ್ತರವೇ ಸಾಕಾಗುತ್ತಿತ್ತು. ನೋಟಿಸನ್ನು ಓದಲಾರದವನಿಗೆ ಪ್ರಶ್ನೆಯೂ ಆದೇಶವೂ ಒಂದೇ ಬಗೆಯಾಗಿ ಕಾಣುತ್ತದೆ.

ಯಂತ್ರಾನುವಾದವನ್ನು ಎಷ್ಟು ನಂಬಬಹುದು

ಈಗ ಮೊಬೈಲಿನ ಕ್ಯಾಮೆರಾವನ್ನು ತೆರೆಯತ್ತ ಹಿಡಿದರೆ ಜಪಾನೀಯಾಗಲಿ ಇಂಗ್ಲಿಷಾಗಲಿ ಕನ್ನಡವಾಗಿ ಕಾಣುವ ಸೌಲಭ್ಯ ಬಂದಿದೆ. ಆಮದು ಮಾಡಿಕೊಂಡ ಪೊಟ್ಟಣ ಕಟ್ಟುವ ಯಂತ್ರದ ಗುಂಡಿಗಳ ಮೇಲೆ ಚೀನೀ ಅಕ್ಷರಗಳಿದ್ದರೆ ಇದು ತುಂಬ ಅನುಕೂಲ. ಒಮ್ಮೆ ಓದಿಕೊಂಡು ಪ್ರತಿ ಗುಂಡಿಯ ಪಕ್ಕ ಕನ್ನಡದ ಚೀಟಿ ಅಂಟಿಸಿದರೆ ಕೆಲಸಗಾರರು ಮಾಲೀಕರನ್ನು ಪದೇ ಪದೇ ಕರೆಯುವುದು ತಪ್ಪುತ್ತದೆ. ಆದರೆ ತೆರಿಗೆಯ ಪದಗಳಲ್ಲಿ ಯಂತ್ರಾನುವಾದವನ್ನು ಕಣ್ಣುಮುಚ್ಚಿ ನಂಬಲಾಗದು. ‘ರಿಟರ್ನ್’ ಎಂಬುದಕ್ಕೆ ಮರಳಿಸು ಎಂಬ ಅರ್ಥವೂ, ‘ಕ್ರೆಡಿಟ್’ ಎಂಬುದಕ್ಕೆ ಸಾಲ ಎಂಬ ಅರ್ಥವೂ ಇರುವುದರಿಂದ ಅನುವಾದವು ಅತ್ತಿಂದಿತ್ತ ಹೊರಳಬಹುದು. ‘ಔಟ್‌ವರ್ಡ್ ಸಪ್ಲೈ’ ಎಂದರೆ ವರ್ತಕನ ಮಾತಿನಲ್ಲಿ ಮಾರಾಟ, ‘ಇನ್‌ವರ್ಡ್ ಸಪ್ಲೈ’ ಎಂದರೆ ಖರೀದಿ. ಯಂತ್ರವು ಇವನ್ನು ಹೊರಮುಖ, ಒಳಮುಖ ಪೂರೈಕೆ ಎಂದರೆ ಯಾರಿಗೆ ಏನು ತಿಳಿಯಬೇಕು? ಗುಪ್ತಪದವೋ ಬ್ಯಾಂಕ್ ಖಾತೆಯೋ ಕಾಣುವ ತೆರೆಯ ಚಿತ್ರವನ್ನು ಯಾರಿಗೂ ಕಳುಹಿಸಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವ ತೆರೆಗಳು ಅಸಾಧ್ಯವೇನೂ ಅಲ್ಲ. ಭೂಮಿ ಯೋಜನೆಯಲ್ಲಿ ಪಹಣಿಯು ಕನ್ನಡದಲ್ಲಿಯೇ ಗಣಕೀಕೃತವಾಗಿ ಎರಡು ದಶಕಗಳು ಕಳೆದಿವೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಟ್ಯಾಲಿ ಲೆಕ್ಕಪತ್ರ ತಂತ್ರಾಂಶದಲ್ಲಿ ಕನ್ನಡದ ಆಯ್ಕೆ 2006ರ ಟ್ಯಾಲಿ 9 ಆವೃತ್ತಿಯಲ್ಲಿಯೇ ಇತ್ತು. ಅದನ್ನು ಬಳಸುವವರು ಮಾತ್ರ ವಿರಳ, ಏಕೆಂದರೆ ಕಲಿಸುವವರೆಲ್ಲ ಇಂಗ್ಲಿಷ್ ಪಟ್ಟಿಯಲ್ಲೇ ಕಲಿತವರು. ಜಿಎಸ್‌ಟಿ ತೆರೆಗಳೂ ಕನ್ನಡದಲ್ಲಿ ದೊರೆಯಬೇಕೆಂಬ ಬೇಡಿಕೆಯನ್ನು ನಮ್ಮ ಸಂಸ್ಥೆಯು ಲಿಖಿತವಾಗಿ ಮಂಡಿಸುವುದು ಯೋಗ್ಯವೆಂದು ನನ್ನ ಅಭಿಪ್ರಾಯ.

ಸದ್ಯಕ್ಕೆ ಲಭ್ಯವಿರುವ ಒಂದು ಸೌಲಭ್ಯವನ್ನು ಸದಸ್ಯರು ಬಳಸಿಕೊಂಡಂತೆ ಕಾಣುವುದಿಲ್ಲ. ಜಿಎಸ್‌ಟಿ ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 1800-103-4786. 2020ರಲ್ಲಿ ಇಂಗ್ಲಿಷ್, ಹಿಂದಿಗಳ ಜೊತೆಗೆ ಇತರ ಹತ್ತು ಭಾರತೀಯ ಭಾಷೆಗಳನ್ನು ಅದಕ್ಕೆ ಸೇರಿಸಲಾಯಿತು; ಅವುಗಳಲ್ಲಿ ಕನ್ನಡವೂ ಒಂದು. ಕರೆ ಮಾಡುವ ಮೊದಲು ನಿಮ್ಮ ಹದಿನೈದು ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ಸಂಬಂಧಪಟ್ಟ ನಮೂನೆಯ ಸಂಖ್ಯೆ, ತೆರೆಯ ಮೇಲೆ ಕಂಡ ದೋಷಸೂಚನೆಯ ಯಥಾಪ್ರತಿ ಇವನ್ನು ಎದುರಿಗಿಟ್ಟುಕೊಳ್ಳಿರಿ. ಗುಪ್ತಪದವನ್ನಾಗಲಿ ಒಟಿಪಿಯನ್ನಾಗಲಿ ಅವರಿಗೂ ಹೇಳಬೇಡಿರಿ. ಮಾತು ಮುಗಿಯುವ ಮುನ್ನ ದೂರಿನ ಟಿಕೆಟ್ ಸಂಖ್ಯೆಯನ್ನು ಕೇಳಿ ಪಡೆದು, ದಿನಾಂಕ ಸಹಿತ ಬರೆದಿಡಿರಿ. ಗಡುವು ಮೀರಿದ್ದಕ್ಕೆ ತಾಣದ ದೋಷವೇ ಕಾರಣವೆಂದು ಮುಂದೆ ಅಧಿಕಾರಿಗಳೆದುರು ಹೇಳಬೇಕಾಗಿ ಬಂದರೆ ಆ ಸಂಖ್ಯೆಯೇ ಆಧಾರ.